ರಿಯಾಕ್ಷನ್ ಆಯಿತು, ಬೇಕಾದದ್ದು ಮಾತ್ರ ಸಿಗಲಿಲ್ಲ: ಸೆಲೆಕ್ಟಿವಿಟಿ ದೋಷ ಹುಡುಕುವ ಬಗೆ

ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಸ್ಪಾಟ್‌ಗಳಾಗಿ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದ ಕೆಳಗೆ ಹಿಡಿಯುತ್ತೀರಿ. ಮೂಲವಸ್ತುವಿನ ಸ್ಪಾಟ್ ಕಾಣುವುದಿಲ್ಲ. ಖುಷಿಪಡಬೇಕು. ಆದರೆ ಅದರ ಬದಲು ಒಂದಲ್ಲ, ನಾಲ್ಕು ಹೊಸ ಸ್ಪಾಟ್‌ಗಳಿವೆ. ರಿಯಾಕ್ಷನ್ ನಡೆದಿದೆ, ಬೇಕಾದ ಜಾಗದಲ್ಲಿ ಮಾತ್ರ ನಡೆದಿಲ್ಲ. ಇದೇ ಸೆಲೆಕ್ಟಿವಿಟಿಯ, ಅಂದರೆ ಆಯ್ಕೆಯ ದೋಷ.

ಆಗ ಪಕ್ಕದವರನ್ನು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ, ಮೂಲವಸ್ತುವನ್ನು ಬದಲಿಸಲು ಹಾಕಿದ ರಿಯೇಜೆಂಟಿನ ಮೇಲೆ ದೂರು. "ರಿಯೇಜೆಂಟ್ ಚುರುಕು ಜಾಸ್ತಿಯಾಯಿತು, ಸ್ವಲ್ಪ ಮೆತ್ತಗಿನದು ಹಾಕಿ ನೋಡಿ." ಚುರುಕು ಹೆಚ್ಚಿದಷ್ಟೂ ಆಯ್ಕೆ ಕಡಿಮೆ ಅನ್ನುವ ನಿಯಮವನ್ನು ನಾವೆಲ್ಲ ಓದಿದವರೇ. ಕೆಲವು ಕಡೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಇನ್ನು ಎಷ್ಟೋ ಕಡೆ ಹೊಂದುವುದೇ ಇಲ್ಲ. ನಾನು ಒಮ್ಮೆ ಮೂರು ವಾರ ರಿಯೇಜೆಂಟ್ ಬದಲಿಸುತ್ತಾ ಕಳೆದಿದ್ದೇನೆ. ದೋಷ ಇದ್ದದ್ದು ರಿಯೇಜೆಂಟ್‌ನಲ್ಲಿ ಅಲ್ಲ, ಅದನ್ನು ಸುರಿಯುತ್ತಿದ್ದ ವೇಗದಲ್ಲಿ. ಆ ಮೂರು ವಾರ ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ. ರಿಯೇಜೆಂಟ್ ಬದಲಿಸುವುದು ಆಮೇಲೆ.

ಶುರು ಮಾಡುವ ಮೊದಲು ಒಂದು ಲೆಕ್ಕ

ಒಂದೇ ಜಾಗದಿಂದ ಎರಡು ದಾರಿ ಹೊರಡುತ್ತವೆ ಅಂದುಕೊಳ್ಳಿ. ಎರಡೂ ದಾರಿಯಲ್ಲಿ ಒಂದೊಂದು ದಿಬ್ಬ ಇದೆ. ದಿಬ್ಬ ಎಷ್ಟು ಎತ್ತರ ಅನ್ನುವುದು ರಿಯಾಕ್ಷನ್ ಎಷ್ಟು ಬೇಗ ಆಗುತ್ತದೆ ಅನ್ನುವುದನ್ನು ಹೇಳುತ್ತದೆ. ಯಾವ ಪ್ರಾಡಕ್ಟ್ ಎಷ್ಟು ಸಿಗುತ್ತದೆ ಅನ್ನುವುದನ್ನು ಹೇಳುವುದು ಎರಡು ದಿಬ್ಬಗಳ ಎತ್ತರದ ವ್ಯತ್ಯಾಸ. ಇವು ಎರಡು ಬೇರೆ ಬೇರೆ ಸಂಗತಿಗಳು. ಎರಡೂ ದಿಬ್ಬಗಳನ್ನು ಒಂದೇ ಅಳತೆಯಲ್ಲಿ ಕಡಿದು ತಗ್ಗಿಸಿದರೆ ವೇಗ ಏರುತ್ತದೆ, ಆಯ್ಕೆ ಇದ್ದ ಹಾಗೇ ಇರುತ್ತದೆ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ವ್ಯತ್ಯಾಸ ಮೋಲ್‌ಗೆ 5.7 ಕಿಲೋಜೂಲ್ ಇದ್ದರೆ ಎರಡು ಪ್ರಾಡಕ್ಟ್‌ಗಳ ಅನುಪಾತ 10:1. ಅದರ ಎರಡರಷ್ಟು, ಅಂದರೆ 11.4 ಕಿಲೋಜೂಲ್ ಇದ್ದರೆ 100:1. ಎಷ್ಟು ಸಣ್ಣ ವ್ಯತ್ಯಾಸ ನೋಡಿ. ಒಂದು ಸಾಮಾನ್ಯ ಕಾರ್ಬನ್-ಹೈಡ್ರೋಜನ್ ಬಂಧ ಮುರಿಯಲು ಸುಮಾರು 400 ಕಿಲೋಜೂಲ್ ಬೇಕು. ಅದರ ನೂರರಲ್ಲಿ ಒಂದೆರಡು ಪಾಲಿನಷ್ಟು ಶಕ್ತಿ ನಿಮ್ಮ ಇಡೀ ಇಳುವರಿಯನ್ನು ನಿರ್ಧರಿಸುತ್ತದೆ. ಸಾಲ್ವೆಂಟ್, ಉಷ್ಣತೆ, ಕಲಕುವ ವೇಗ, ತೇವ, ಇವೆಲ್ಲ ಅನುಪಾತವನ್ನು ಅಲ್ಲಾಡಿಸುವುದು ಇದೇ ಕಾರಣಕ್ಕೆ.

ಎಚ್ಚರಿಕೆಯ ಮಾತು

ಸೆಲೆಕ್ಟಿವಿಟಿ ಹುಡುಕುವಾಗ ನಾವು ಉಷ್ಣತೆ ಬದಲಿಸುತ್ತೇವೆ, ಸೇರಿಸುವ ಕ್ರಮ ಬದಲಿಸುತ್ತೇವೆ, ಹೊಸ ರಿಯೇಜೆಂಟ್ ತರುತ್ತೇವೆ. ಹಾಗಾಗಿ ನಿನ್ನೆ ಸುರಕ್ಷಿತವಾಗಿ ನಡೆದ ರಿಯಾಕ್ಷನ್ ಇವತ್ತು ಹಾಗೇ ನಡೆಯುತ್ತದೆ ಅನ್ನುವ ಭರವಸೆ ಇಲ್ಲ. ಪರೀಕ್ಷೆಗಳನ್ನೆಲ್ಲ ಸಣ್ಣ ಪ್ರಮಾಣದಲ್ಲಿ, ಫ್ಯೂಮ್ ಹುಡ್ ಒಳಗೆ, ಕನ್ನಡಕ ಮತ್ತು ಸರಿಯಾದ ಕೈಗವಸು ಹಾಕಿಕೊಂಡು ಮಾಡಿ. ಬ್ರೋಮಿನ್ ಬಳಸುವುದಾದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಮೊದಲೇ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಚೆಲ್ಲಿದ್ದನ್ನು ಅದು ನಿಷ್ಕ್ರಿಯಗೊಳಿಸುತ್ತದೆ. ಚರ್ಮಕ್ಕೆ ತಾಗಿದರೆ ತಕ್ಷಣ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ. ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ಇರುವ ಫ್ಲಾಸ್ಕ್‌ಗೆ ನೀರು ಸುರಿಯಲೇಬಾರದು. ಹೈಡ್ರೋಜನ್ ಬರುತ್ತದೆ, ಬೆಂಕಿ ಹತ್ತುತ್ತದೆ. ಒಬ್ಬರೇ ಇರುವ ಹೊತ್ತಿನಲ್ಲಿ ಇಂಥ ಕೆಲಸ ಬೇಡ.

ಲಕ್ಷಣ: ಪ್ರತಿ ಸಲ ಬೇರೆ ಬೇರೆ ಅನುಪಾತ

ಸೋಮವಾರ 8:1, ಬುಧವಾರ 3:1. ವಿಧಾನ ಒಂದೇ, ಬಾಟಲಿಗಳೂ ಅವೇ. ಇಂಥ ಕಡೆ ರಿಯೇಜೆಂಟಿನ ಸ್ವಭಾವವನ್ನು ದೂರಬೇಡಿ. ಅದರ ಸ್ವಭಾವ ಎರಡು ದಿನದಲ್ಲಿ ಬದಲಾಗುವುದಿಲ್ಲ. ಬದಲಾದದ್ದು ಬೇರೆ ಏನೋ ಇದೆ.

ಮೊದಲು ಅಳತೆಯನ್ನೇ ಅನುಮಾನಿಸಿ. ಕಾಲಮ್‌ನಲ್ಲಿ ಬೇರ್ಪಡಿಸಿ ಶುದ್ಧ ಮಾಡಿದ ಮೇಲೆ ತೂಗಿ ಹೇಳಿದ ಅನುಪಾತವನ್ನು ನಾನು ನಂಬುವುದಿಲ್ಲ. ಒಂದು ಐಸೋಮರ್ (ಅದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ ಇರುವ ಪ್ರಾಡಕ್ಟ್) ಕಾಲಮ್‌ನಲ್ಲಿ ತುಂಬಿದ ಸಿಲಿಕಾದ ಮೇಲೆ ಒಡೆದಿರಬಹುದು. ಒಂದು ನೀರಿನ ಪದರಕ್ಕೆ ಹೋಗಿರಬಹುದು. ಇನ್ನೊಂದು ಸಾಲ್ವೆಂಟ್ ಆವಿ ಮಾಡುವ ರೋಟಾವೇಪರ್‌ನಲ್ಲೇ ಹಾರಿಹೋಗಿರಬಹುದು. ಕ್ರೂಡ್‌ನ, ಅಂದರೆ ಇನ್ನೂ ಶುದ್ಧ ಮಾಡದ ಮಿಶ್ರಣದ, ಎನ್‌ಎಂಆರ್ (ಯಾವ ವಸ್ತು ಎಷ್ಟಿದೆ ಅಂತ ತೋರಿಸುವ ಅಳತೆ) ತೆಗೆಯಿರಿ. ಜೊತೆಗೆ ಒಟ್ಟು ತೂಕದ ಲೆಕ್ಕ ಹಾಕಿ. ಹಾಕಿದ್ದರಲ್ಲಿ ಅರ್ಧ ಮಾತ್ರ ಕೈಗೆ ಬಂದಿದ್ದರೆ ಆ ಅರ್ಧದ ಅನುಪಾತ ಏನನ್ನೂ ಹೇಳುವುದಿಲ್ಲ.

ಸಿಲಿಕಾದ ಮೇಲೆ ಒಡೆಯುತ್ತಿದೆಯಾ ಅಂತ ನೋಡಲು ಚೌಕಾಕಾರದ ಒಂದು ಟಿಎಲ್‌ಸಿ ಪ್ಲೇಟ್ ಸಾಕು. ಮೂಲೆಯಲ್ಲಿ ಒಂದು ಸ್ಪಾಟ್ ಇಡಿ. ಒಂದು ಸಲ ಓಡಿಸಿ, ಒಣಗಿಸಿ, 90 ಡಿಗ್ರಿ ತಿರುಗಿಸಿ, ಅದೇ ಸಾಲ್ವೆಂಟ್‌ನಲ್ಲಿ ಮತ್ತೆ ಓಡಿಸಿ. ಎಲ್ಲ ಸ್ಪಾಟ್‌ಗಳೂ ಮೂಲೆಯಿಂದ ಮೂಲೆಗೆ ಹೋಗುವ ಓರೆಗೆರೆಯ ಮೇಲೆ ಬಿದ್ದರೆ ಸಂಯುಕ್ತಗಳು ಗಟ್ಟಿಯಾಗಿವೆ, ಅಂದರೆ ಒಡೆಯುತ್ತಿಲ್ಲ. ಗೆರೆಯ ಹೊರಗೆ ಬಿದ್ದದ್ದು ಪ್ಲೇಟಿನ ಮೇಲೆ ಹುಟ್ಟಿದ್ದು, ಫ್ಲಾಸ್ಕ್‌ನಲ್ಲಿ ಹುಟ್ಟಿದ್ದಲ್ಲ. ಜಿಸಿ (ವಸ್ತುಗಳನ್ನು ಆವಿ ಮಾಡಿ ಬೇರ್ಪಡಿಸುವ ಯಂತ್ರ) ಬಳಸುವವರು ಇಂಜೆಕ್ಟರ್‌ನ ಬಿಸಿಯನ್ನೂ ಅನುಮಾನಿಸಬೇಕು. ಆ ಬಿಸಿಗೆ ಒಂದು ಐಸೋಮರ್ ಇನ್ನೊಂದಾಗಿ ಬದಲಾಗುವುದುಂಟು.

ಆಮೇಲೆ ಥರ್ಮಾಮೀಟರ್. ಡ್ರೈ ಐಸ್ ಮತ್ತು ಅಸಿಟೋನ್ ಬಾತ್ ಮೈನಸ್ 78 ಡಿಗ್ರಿ ಇರುತ್ತದೆ, ಸರಿ. ಫ್ಲಾಸ್ಕ್ ಒಳಗೆ ಎಷ್ಟಿದೆ? ರಿಯೇಜೆಂಟನ್ನು ಬೇಗ ಹಾಕಿದರೆ ಒಳಗಿನ ಉಷ್ಣತೆ ಬಾತ್‌ಗಿಂತ ಎಷ್ಟೋ ಮೇಲೆ ಹೋಗಬಹುದು. ಬಾತ್‌ನಲ್ಲಿ ಥರ್ಮಾಮೀಟರ್ ಇಟ್ಟು "ಮೈನಸ್ 78ರಲ್ಲಿ ಮಾಡಿದೆ" ಅಂತ ಬರೆಯುವುದು ತುಂಬಾ ಸಾಮಾನ್ಯವಾದ ತಪ್ಪು. ಫ್ಲಾಸ್ಕ್ ಒಳಗೆ ಒಂದು ಪ್ರೋಬ್ ಇಳಿಸಿ ನೋಡಿ. ನನ್ನ ಅನುಭವದಲ್ಲಿ ಹೀಗೆ ದಿನಕ್ಕೊಂದು ಅನುಪಾತ ಕೊಡುವ ರಿಯಾಕ್ಷನ್‌ಗಳಲ್ಲಿ ಹೆಚ್ಚಿನವು ಇಲ್ಲೇ ಸರಿಹೋಗುತ್ತವೆ.

ಲಕ್ಷಣ: ಒಂದು ಸಲ ಆಗಬೇಕಾದದ್ದು ಎರಡು ಸಲ ಆಗಿದೆ, ಮೂಲವಸ್ತುವೂ ಉಳಿದಿದೆ

ಒಂದು ಸಮಾನಾಂಶ, ಅಂದರೆ ಮೂಲವಸ್ತುವಿನ ಒಂದು ಅಣುವಿಗೆ ಒಂದರಂತೆ, ರಿಯೇಜೆಂಟ್ ಹಾಕಿದ್ದೀರಿ. ಕೊನೆಯಲ್ಲಿ ಫ್ಲಾಸ್ಕ್‌ನಲ್ಲಿ ಮೂಲವಸ್ತು ಇದೆ, ಎರಡು ಸಲ ರಿಯಾಕ್ಟ್ ಆದ ವಸ್ತು ಇದೆ, ನಡುವೆ ನಿಲ್ಲಬೇಕಾದದ್ದು ಮಾತ್ರ ಸ್ವಲ್ಪವೇ ಇದೆ. ಇದಕ್ಕೆ ಎರಡು ಕಾರಣಗಳಿವೆ. ಎರಡೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ಬೇರೆ. ಈ ಭಾಗವನ್ನು ನಿಧಾನವಾಗಿ ಓದಿ.

ಮೊದಲ ಕಾರಣ: ನಿಮ್ಮ ಪ್ರಾಡಕ್ಟ್ ಮೂಲವಸ್ತುವಿಗಿಂತ ಚುರುಕು. ಎಸ್ಟರ್‌ಗೆ ಗ್ರಿನ್ಯಾರ್ಡ್ (ಕಾರ್ಬನ್ ಗುಂಪನ್ನು ಸೇರಿಸುವ ಮೆಗ್ನೀಸಿಯಂ ರಿಯೇಜೆಂಟ್) ಹಾಕಿ ಕೀಟೋನ್‌ನಲ್ಲಿ ನಿಲ್ಲಿಸಲು ಹೋದವರಿಗೆ ಇದು ಗೊತ್ತಿರುತ್ತದೆ. ಹುಟ್ಟಿದ ಕೀಟೋನ್ ಎಸ್ಟರ್‌ಗಿಂತ ಬೇಗ ಗ್ರಿನ್ಯಾರ್ಡನ್ನು ಹಿಡಿಯುತ್ತದೆ, ಟರ್ಷಿಯರಿ ಆಲ್ಕೋಹಾಲ್ ಆಗುತ್ತದೆ. ಬೆಂಜೀನ್ ಉಂಗುರಕ್ಕೆ ಕಾರ್ಬನ್ ಗುಂಪು ಸೇರಿಸುವ ಫ್ರೀಡೆಲ್-ಕ್ರಾಫ್ಟ್ಸ್ ಆಲ್ಕೈಲೇಷನ್‌ನದೂ ಇದೇ ಕಥೆ. ಒಂದು ಆಲ್ಕೈಲ್ ಗುಂಪು ಸೇರಿದ ಕೂಡಲೇ ಬೆಂಜೀನ್ ಉಂಗುರ ಇನ್ನಷ್ಟು ಚುರುಕಾಗುತ್ತದೆ. ಅದೇ ಅಸೈಲೇಷನ್‌ನಲ್ಲಿ (ಕಾರ್ಬನ್-ಆಕ್ಸಿಜನ್ ಡಬಲ್ ಬಾಂಡ್ ಇರುವ ಗುಂಪು ಸೇರಿಸುವಾಗ) ಸೇರಿದ ಗುಂಪು ಉಂಗುರವನ್ನು ಮಂದಗೊಳಿಸುತ್ತದೆ, ಹಾಗಾಗಿ ಒಂದಕ್ಕೇ ನಿಲ್ಲುತ್ತದೆ.

ಇಲ್ಲಿ ಒಂದು ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಮೊದಲ ಹೆಜ್ಜೆ ಮತ್ತು ಎರಡನೇ ಹೆಜ್ಜೆಯ ವೇಗ ಒಂದೇ ಇದ್ದರೆ, ಎಷ್ಟೇ ಚೆನ್ನಾಗಿ ಕಲಕಿದರೂ ನಡುವಿನ ವಸ್ತು ಸುಮಾರು 37 ಶೇಕಡಾಕ್ಕಿಂತ ಜಾಸ್ತಿ ಸಿಗುವುದಿಲ್ಲ. ಮೊದಲ ಹೆಜ್ಜೆ 10 ಪಟ್ಟು ಬೇಗ ಇದ್ದರೆ ಗರಿಷ್ಠ 77 ಶೇಕಡಾ. 100 ಪಟ್ಟು ಬೇಗ ಇದ್ದರೆ 95 ಶೇಕಡಾ. ಎರಡನೇ ಹೆಜ್ಜೆಯೇ 10 ಪಟ್ಟು ಬೇಗ ಇದ್ದರೆ ಬರೀ 8 ಶೇಕಡಾ ಹತ್ತಿರ. ಈ ಮಿತಿಯನ್ನು ಹನಿ ಹನಿಯಾಗಿ ಹಾಕಿ ದಾಟಲು ಆಗುವುದಿಲ್ಲ. ದಾಟಬೇಕಾದರೆ ರಸಾಯನವನ್ನೇ ಬದಲಿಸಬೇಕು. ಎಸ್ಟರ್ ಬದಲು ವೈನ್‌ರೆಬ್ ಅಮೈಡ್ ಬಳಸುವುದು ಇದಕ್ಕೇ. 1981ರಲ್ಲಿ ಬಂದ ಆ ವಿಧಾನದಲ್ಲಿ ಗ್ರಿನ್ಯಾರ್ಡ್ ಸೇರಿದ ಮೇಲೆ ಹುಟ್ಟುವ ಮಧ್ಯವಸ್ತು ಲೋಹವನ್ನು ಇಕ್ಕಳದಂತೆ ಹಿಡಿದುಕೊಂಡು ವರ್ಕಪ್ (ಕೊನೆಗೆ ರಿಯಾಕ್ಷನ್ ನಿಲ್ಲಿಸಿ ಪ್ರಾಡಕ್ಟ್ ತೆಗೆಯುವ ಹಂತ) ತನಕ ಒಡೆಯದೆ ಕೂರುತ್ತದೆ. ಕೀಟೋನ್ ಹುಟ್ಟುವ ಹೊತ್ತಿಗೆ ಗ್ರಿನ್ಯಾರ್ಡ್ ಉಳಿದಿರುವುದಿಲ್ಲ. ರಿಯೇಜೆಂಟ್ ಅದೇ, ಅದರ ಚುರುಕೂ ಅಷ್ಟೇ. ಆಯ್ಕೆ ಮಾತ್ರ ಪೂರ್ತಿ ಬದಲಾಯಿತು.

ಎರಡನೇ ಕಾರಣ: ಕಲಕುವಿಕೆ. ರಿಯಾಕ್ಷನ್ ಎಷ್ಟು ಬೇಗ ಅಂದರೆ, ಬಿದ್ದ ಹನಿ ಫ್ಲಾಸ್ಕ್‌ನಲ್ಲೆಲ್ಲ ಹರಡುವ ಮೊದಲೇ ಕೆಲಸ ಮುಗಿದುಹೋಗುತ್ತದೆ. ಹನಿ ಬಿದ್ದ ಜಾಗದಲ್ಲಿ ರಿಯೇಜೆಂಟ್ ವಿಪರೀತ. ಅಲ್ಲಿದ್ದ ಮೂಲವಸ್ತುವೆಲ್ಲ ಪ್ರಾಡಕ್ಟ್ ಆಗಿಬಿಟ್ಟಿದೆ, ಆ ಪ್ರಾಡಕ್ಟೇ ಮತ್ತೆ ರಿಯೇಜೆಂಟಿಗೆ ಸಿಕ್ಕಿಬೀಳುತ್ತದೆ. ಎರಡಿಂಚು ಆಚೆ ಇರುವ ಮೂಲವಸ್ತುವಿಗೆ ಏನೂ ಸಿಗುವುದಿಲ್ಲ. ಅಣುಗಳ ಮಟ್ಟದಲ್ಲಿ ಆಯ್ಕೆ ಚೆನ್ನಾಗಿಯೇ ಇದೆ. ಕಲಕುವಿಕೆ ಅದನ್ನು ಮುಚ್ಚಿಹಾಕಿದೆ.

ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. ಉಂಗುರಕ್ಕೆ ನೈಟ್ರೋ ಗುಂಪು ಸೇರಿಸುವ ಸಾಮಾನ್ಯ ನೈಟ್ರೇಷನ್‌ನಲ್ಲಿ ಟೊಲುಯೀನ್ (ಒಂದು ಮೀಥೈಲ್ ಗುಂಪು ಇರುವ ಬೆಂಜೀನ್) ಬೆಂಜೀನ್‌ಗಿಂತ 20 ಪಟ್ಟಿಗೂ ಜಾಸ್ತಿ ಬೇಗ ರಿಯಾಕ್ಟ್ ಆಗುತ್ತದೆ. ಜಾರ್ಜ್ ಓಲಾ ಅವರು ತುಂಬಾ ಚುರುಕಾದ ನೈಟ್ರೋನಿಯಂ ಲವಣ ಬಳಸಿ ಎರಡನ್ನೂ ಒಟ್ಟಿಗೆ ಸ್ಪರ್ಧೆಗೆ ಬಿಟ್ಟಾಗ ಆ ವ್ಯತ್ಯಾಸ 2 ಪಟ್ಟಿಗಿಂತಲೂ ಕಡಿಮೆಯಾಯಿತು. ನಿಯಮ ನಿಜ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಟೊಲುಯೀನ್‌ನ ಒಳಗೆ ನೋಡಿದರೆ ನೈಟ್ರೋ ಗುಂಪು ಎಂದಿನಂತೆ ಆರ್ಥೋ (ಮೀಥೈಲ್‌ನ ಪಕ್ಕ) ಮತ್ತು ಪ್ಯಾರಾ (ಅದರ ಎದುರು) ಜಾಗಕ್ಕೇ ಹೋಗಿತ್ತು. ನಡುವಿನ ಮೆಟಾ ಜಾಗಕ್ಕೆ ಹೋದದ್ದು ಬಹಳ ಕಡಿಮೆ. ರಿಯೇಜೆಂಟ್ ನಿಜಕ್ಕೂ ಕುರುಡಾಗಿದ್ದರೆ ಉಂಗುರದೊಳಗಿನ ಆಯ್ಕೆಯೂ ಹೋಗಬೇಕಿತ್ತು. ಹೋಗಲಿಲ್ಲ. ಯಾವ ಅಣುವನ್ನು ಮೊದಲು ಭೇಟಿಯಾಗುತ್ತದೆ ಅನ್ನುವುದನ್ನು ಭೇಟಿ ಮತ್ತು ಕಲಕುವಿಕೆ ನಿರ್ಧರಿಸಿದವು. ಭೇಟಿಯಾದ ಮೇಲೆ ಎಲ್ಲಿ ಕೂರಬೇಕು ಅನ್ನುವುದನ್ನು ಅಣು ನಿರ್ಧರಿಸಿತು. ಇದನ್ನು ಅರ್ಥ ಮಾಡಿಕೊಳ್ಳಲು ಹಲವರು ವರ್ಷಗಟ್ಟಲೆ ವಾದ ಮಾಡಿದ್ದಾರೆ. ನನಗೆ ರಸಾಯನಶಾಸ್ತ್ರದಲ್ಲಿ ತುಂಬಾ ಇಷ್ಟವಾದ ಪ್ರಕರಣಗಳಲ್ಲಿ ಇದೂ ಒಂದು.

ಎರಡು ಕಾರಣಗಳಲ್ಲಿ ನಿಮ್ಮದು ಯಾವುದು? ಪರೀಕ್ಷೆ ಸುಲಭ. ಒಂದೇ ರಿಯಾಕ್ಷನ್ ಮೂರು ಸಲ ಮಾಡಿ. ಒಮ್ಮೆ ನಿಧಾನವಾಗಿ ಕಲಕಿ, ಒಮ್ಮೆ ಜೋರಾಗಿ ಕಲಕಿ, ಒಮ್ಮೆ ಜೋರಾಗಿ ಕಲಕುತ್ತಾ ರಿಯೇಜೆಂಟನ್ನು ಹತ್ತು ಪಟ್ಟು ತೆಳು ಮಾಡಿ ನಿಧಾನವಾಗಿ ಸೇರಿಸಿ. ಉಷ್ಣತೆ ಒಂದೇ ಇರಲಿ. ಅನುಪಾತ ಬದಲಾದರೆ ದೋಷ ಕಲಕುವಿಕೆಯಲ್ಲಿದೆ. ಸೇರಿಸುವ ಸೂಜಿಯ ತುದಿಯನ್ನು ಸ್ಟರ್ರರ್ ಹತ್ತಿರ ದ್ರವದೊಳಗೆ ಇಳಿಸಿ, ತೆಳು ದ್ರಾವಣ ಬಳಸಿ, ಇಲ್ಲವೇ ಫ್ಲೋ ರಿಯಾಕ್ಟರ್‌ನ ಸಣ್ಣ ಮಿಕ್ಸರ್‌ಗೆ ಹೋಗಿ. ಮೂರರಲ್ಲೂ ಅನುಪಾತ ಒಂದೇ ಬಂದರೆ ಮೊದಲ ಕಾರಣ. ಆಗ ಎಷ್ಟು ಕಲಕಿದರೂ ಪ್ರಯೋಜನವಿಲ್ಲ.

ಸೇರಿಸುವ ಕ್ರಮವನ್ನೂ ಮರೆಯಬೇಡಿ. ರಿಯೇಜೆಂಟ್ ತುಂಬಿದ ಫ್ಲಾಸ್ಕ್‌ಗೆ ಮೂಲವಸ್ತು ಹನಿಸಿದರೆ ಹುಟ್ಟಿದ ಪ್ರಾಡಕ್ಟ್ ಸುತ್ತ ಯಾವಾಗಲೂ ರಿಯೇಜೆಂಟೇ ಇರುತ್ತದೆ. ತಿರುವಿ ಹಾಕಿ ನೋಡಿ. ಸುಮ್ನೆ ಕ್ರಮ ಬದಲಿಸಿದ್ದಕ್ಕೇ ಸಮಸ್ಯೆ ಹೋದದ್ದನ್ನು ನಾನು ನೋಡಿದ್ದೇನೆ.

ಲಕ್ಷಣ: ಸಿಕ್ಕ ಸಿಕ್ಕಲ್ಲೆಲ್ಲ ಹಿಡಿದುಕೊಂಡಿದೆ

ಇಲ್ಲಿ ಹಳೆಯ ನಿಯಮ ನಿಜವಾಗಿಯೂ ಕೆಲಸ ಮಾಡುತ್ತದೆ. ನಿಮ್ಮ ಅಣುವಿನಲ್ಲಿ ಬೇರೆ ಬೇರೆ ಜಾಗಗಳಿವೆ, ಪ್ರಾಡಕ್ಟ್‌ಗಳು ಹೆಚ್ಚುಕಡಿಮೆ ಆ ಜಾಗಗಳ ಎಣಿಕೆಗೆ ತಕ್ಕ ಹಾಗೆ ಬಂದಿವೆ.

ಮೊದಲು ಎಣಿಸಿ. ಪ್ರತಿ ಪ್ರಾಡಕ್ಟ್‌ನ ಶೇಕಡಾವನ್ನು ಆ ಜಾಗದ ಹೈಡ್ರೋಜನ್‌ಗಳ ಸಂಖ್ಯೆಯಿಂದ ಭಾಗಿಸಿ. ಐಸೊಬ್ಯುಟೇನ್ ತೆಗೆದುಕೊಳ್ಳಿ. ಅದರಲ್ಲಿ 9 ಪ್ರೈಮರಿ ಹೈಡ್ರೋಜನ್ (ತುದಿಯ ಕಾರ್ಬನ್‌ಗಳ ಮೇಲಿನವು), 1 ಟರ್ಷಿಯರಿ ಹೈಡ್ರೋಜನ್ (ಮೂರು ಕಾರ್ಬನ್‌ಗಳಿಗೆ ಅಂಟಿದ ನಡುವಿನ ಕಾರ್ಬನ್ ಮೇಲಿನದು). ಬೆಳಕಿನಲ್ಲಿ ಕ್ಲೋರಿನ್ ಹಾಯಿಸಿದರೆ ಪ್ರೈಮರಿ ಕ್ಲೋರೈಡ್ ಸುಮಾರು 64, ಟರ್ಷಿಯರಿ ಸುಮಾರು 36. ಪ್ರೈಮರಿ ಗೆದ್ದಂತೆ ಕಾಣುತ್ತದೆ. ಭಾಗಿಸಿ ನೋಡಿ. ಒಂದು ಪ್ರೈಮರಿ ಹೈಡ್ರೋಜನ್‌ಗೆ 7, ಟರ್ಷಿಯರಿಗೆ 36. ಅಂದರೆ ಕ್ಲೋರಿನ್ ಟರ್ಷಿಯರಿಯನ್ನೇ 5 ಪಟ್ಟು ಇಷ್ಟಪಡುತ್ತದೆ. ಆಯ್ಕೆ ಇದೆ, ಎಣಿಕೆ ಅದನ್ನು ಸೋಲಿಸಿದೆ.

ಬ್ರೋಮಿನ್‌ಗೆ ಬನ್ನಿ. ಅದರ ಒಲವು ಪ್ರೈಮರಿ 1, ಸೆಕೆಂಡರಿ ಸುಮಾರು 80, ಟರ್ಷಿಯರಿ ಸುಮಾರು 1600. ಕ್ಲೋರಿನ್‌ಗೆ ಅದೇ ಸಾಲು 1, 4, 5. ಐಸೊಬ್ಯುಟೇನ್‌ನಲ್ಲಿ ಬ್ರೋಮಿನ್ 99 ಶೇಕಡಾಕ್ಕಿಂತ ಜಾಸ್ತಿ ಟರ್ಷಿಯರಿ ಕೊಡುತ್ತದೆ. ಬಿಸಿ ಮಾಡಿ ನಡೆಸಿದರೂ ಅಷ್ಟು ಆಯ್ಕೆ!

ಯಾಕೆ? ಹೈಡ್ರೋಜನ್-ಕ್ಲೋರಿನ್ ಬಂಧದ ಶಕ್ತಿ 431 ಕಿಲೋಜೂಲ್. ಹೈಡ್ರೋಜನ್-ಬ್ರೋಮಿನ್ ಬಂಧದ್ದು 366. ಮುರಿಯಬೇಕಾದ ಕಾರ್ಬನ್-ಹೈಡ್ರೋಜನ್ ಬಂಧ 400ರಿಂದ 420ರ ಆಸುಪಾಸಿನಲ್ಲಿದೆ. ಹಾಗಾಗಿ ಕ್ಲೋರಿನ್ ಪರಮಾಣುವಿಗೆ ಇದು ಇಳಿಜಾರು, ಬ್ರೋಮಿನ್ ಪರಮಾಣುವಿಗೆ ಏರು. ಇಳಿಜಾರಿನ ದಾರಿಯಲ್ಲಿ ದಿಬ್ಬದ ತುದಿ ಬೇಗ ಬರುತ್ತದೆ. ಆ ಹೊತ್ತಿಗೆ ಕಾರ್ಬನ್-ಹೈಡ್ರೋಜನ್ ಬಂಧ ಇನ್ನೂ ಸರಿಯಾಗಿ ಸಡಿಲವೇ ಆಗಿರುವುದಿಲ್ಲ. ಹೈಡ್ರೋಜನ್ ಕಳೆದುಕೊಂಡು ಮುಂದೆ ಹುಟ್ಟುವ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ರ‍್ಯಾಡಿಕಲ್ ಗಟ್ಟಿಯೋ ಅಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಏರು ದಾರಿಯಲ್ಲಿ ತುದಿ ತಡವಾಗಿ ಬರುತ್ತದೆ. ಅಷ್ಟರಲ್ಲಿ ಬಂಧ ಬಹುಪಾಲು ಮುರಿದಿರುತ್ತದೆ, ರ‍್ಯಾಡಿಕಲ್‌ಗಳ ವ್ಯತ್ಯಾಸ ಪೂರ್ತಿ ಕಾಣುತ್ತದೆ. ಜಾರ್ಜ್ ಹ್ಯಾಮಂಡ್ 1955ರಲ್ಲಿ ಮುಂದಿಟ್ಟ ವಿಚಾರ ಇದೇ. ದಿಬ್ಬದ ತುದಿಯ ರೂಪ ಶಕ್ತಿಯಲ್ಲಿ ತನಗೆ ಹತ್ತಿರ ಇರುವ ಕಡೆಯದನ್ನು ಹೋಲುತ್ತದೆ.

ಹಾಗಾಗಿ ನಿಮ್ಮ ರಿಯಾಕ್ಷನ್ ರ‍್ಯಾಡಿಕಲ್ ದಾರಿಯದ್ದಾಗಿದ್ದು, ಭಾಗಿಸಿದ ಮೇಲೆ ಬಂದ ಸಂಖ್ಯೆಗಳು 1ರಿಂದ 5ರೊಳಗೆ ಇದ್ದರೆ, ಆಗ ಮೆತ್ತಗಿನ ರಿಯೇಜೆಂಟ್ ಹುಡುಕಿ. ಸಾಲ್ವೆಂಟ್ ಕೂಡ ಸಹಾಯ ಮಾಡಬಲ್ಲದು. ಬೆಂಜೀನ್ ಇದ್ದಾಗ ಕ್ಲೋರಿನ್ ಪರಮಾಣು ಅದರ ಜೊತೆ ಸಡಿಲವಾಗಿ ಕೂಡಿಕೊಂಡು ಶಾಂತವಾಗುತ್ತದೆ, ಟರ್ಷಿಯರಿ ಕಡೆ ಒಲವು ಹೆಚ್ಚುತ್ತದೆ ಅನ್ನುವುದು 1950ರ ದಶಕದಿಂದಲೇ ಗೊತ್ತು. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಹಾಗಾಗಿ ಅದನ್ನೇ ಬಳಸಿ ಅಂತ ನಾನು ಹೇಳುತ್ತಿಲ್ಲ. ಸಾಲ್ವೆಂಟ್ ಸುಮ್ಮನೆ ಕೂರುವ ವಸ್ತುವಲ್ಲ ಅನ್ನುವುದಕ್ಕೆ ಇದು ಸಾಕ್ಷಿ.

ಲಕ್ಷಣ: ಮೊದಲು ಸರಿಯಾಗಿತ್ತು, ರಾತ್ರಿ ಬಿಟ್ಟು ಬಂದರೆ ತಿರುಗಿಬಿದ್ದಿದೆ

10 ನಿಮಿಷಕ್ಕೆ ತೆಗೆದ ಸ್ಯಾಂಪಲ್‌ನಲ್ಲಿ ಒಂದು ಐಸೋಮರ್ ಮುಂದು. ಬೆಳಗ್ಗೆ ಇನ್ನೊಂದು ಮುಂದು. ಇದರ ಅರ್ಥ ರಿಯಾಕ್ಷನ್ ಹಿಂದಕ್ಕೂ ನಡೆಯುತ್ತಿದೆ. ಬೇಗ ಹುಟ್ಟುವುದು ಒಂದು, ಗಟ್ಟಿಯಾಗಿ ನಿಲ್ಲುವುದು ಇನ್ನೊಂದು.

ಬ್ಯುಟಾಡೈಯೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದಾಗ ಮೈನಸ್ 80 ಡಿಗ್ರಿಯಲ್ಲಿ ಸುಮಾರು 80 ಶೇಕಡಾ 1,2-ಪ್ರಾಡಕ್ಟ್ (ಪಕ್ಕಪಕ್ಕದ ಕಾರ್ಬನ್‌ಗಳಿಗೆ ಸೇರಿದ್ದು) ಬರುತ್ತದೆ. 40 ಡಿಗ್ರಿಯಲ್ಲಿ ಸುಮಾರು 80 ಶೇಕಡಾ 1,4-ಪ್ರಾಡಕ್ಟ್ (ಎರಡು ತುದಿಗಳಿಗೆ ಸೇರಿದ್ದು). ನ್ಯಾಫ್ತಲೀನ್ ಸಲ್ಫೋನೇಷನ್‌ನಲ್ಲೂ ಹಾಗೇ. 80 ಡಿಗ್ರಿಯಲ್ಲಿ 1ನೇ ಜಾಗ, 160 ಡಿಗ್ರಿಯಲ್ಲಿ 2ನೇ ಜಾಗ.

ಪರೀಕ್ಷೆ: ನಿಮಗೆ ಬೇಕಾದ ಐಸೋಮರನ್ನು ಶುದ್ಧವಾಗಿ ತೆಗೆದುಕೊಂಡು ಅದೇ ರಿಯಾಕ್ಷನ್ ಪರಿಸ್ಥಿತಿಯಲ್ಲಿ ಇಡಿ. ಅದು ಇನ್ನೊಂದಾಗಿ ಬದಲಾದರೆ ಉತ್ತರ ಸಿಕ್ಕಿತು. ಬೇಗ ಹುಟ್ಟುವುದು ಬೇಕಿದ್ದರೆ ತಣ್ಣಗಿಟ್ಟು ಬೇಗ ಕ್ವೆಂಚ್ ಮಾಡಿ, ಅಂದರೆ ರಿಯಾಕ್ಷನ್ ಅಲ್ಲಿಗೇ ನಿಲ್ಲಿಸಿ. ಗಟ್ಟಿಯಾದದ್ದು ಬೇಕಿದ್ದರೆ ಇನ್ನಷ್ಟು ಹೊತ್ತು ಬಿಡಿ. ಬದಲಾಗದಿದ್ದರೆ ಈ ದಾರಿ ಬಿಟ್ಟು ಮುಂದೆ ಹೋಗಿ.

ಲಕ್ಷಣ: ತಣ್ಣಗೆ ಮಾಡಿದೆ, ಲಾಭ ಸ್ವಲ್ಪವೇ

ತಣ್ಣಗೆ ಮಾಡಿದರೆ ಎಷ್ಟು ಲಾಭ ಬರಬೇಕು ಅಂತ ಮೊದಲೇ ತಿಳಿದಿರಬೇಕು. 25 ಡಿಗ್ರಿಯಲ್ಲಿ 10:1 ಇದ್ದದ್ದು, ದಿಬ್ಬಗಳ ವ್ಯತ್ಯಾಸ ಹಾಗೇ ಉಳಿದರೆ, ಮೈನಸ್ 78ರಲ್ಲಿ ಸುಮಾರು 34:1 ಆಗುತ್ತದೆ. 100 ಡಿಗ್ರಿಯಲ್ಲಿ ಸುಮಾರು 6:1. ನಿಮ್ಮದು 25 ಡಿಗ್ರಿಯಲ್ಲಿ 1.5:1 ಇದ್ದರೆ ಮೈನಸ್ 78ರಲ್ಲಿ 2:1 ಕೂಡ ಮುಟ್ಟುವುದಿಲ್ಲ. ಅಂದರೆ ವ್ಯತ್ಯಾಸವೇ ಇಲ್ಲದ ಕಡೆ ತಣ್ಣಗೆ ಮಾಡಿ ಏನೂ ಸಿಗುವುದಿಲ್ಲ. ಸುಮ್ನೆ ಡ್ರೈ ಐಸ್ ಖರ್ಚು.

ಅಪಾಯ ಇರುವುದೂ ಇಲ್ಲೇ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ತುಂಬಾ ತಣ್ಣಗೆ ಮಾಡಿದಾಗ ರಿಯಾಕ್ಷನ್ ಶುರುವೇ ಆಗದೆ ಇರಬಹುದು. ನೀವು ಸೇರಿಸುತ್ತಾ ಹೋಗುತ್ತೀರಿ, ರಿಯೇಜೆಂಟ್ ಒಳಗೆ ಸೇರಿಕೊಳ್ಳುತ್ತಾ ಹೋಗುತ್ತದೆ. ಆಮೇಲೆ ಸ್ವಲ್ಪ ಬೆಚ್ಚಗಾದ ಕೂಡಲೇ ಅಷ್ಟೂ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಗ್ರಿನ್ಯಾರ್ಡ್ ತಯಾರಿಯಲ್ಲೂ, ನೈಟ್ರೇಷನ್‌ನಲ್ಲೂ ಹೀಗೆ ಅನಾಹುತಗಳಾಗುತ್ತವೆ. ಸೇರಿಸುವಾಗ ಒಳಗಿನ ಉಷ್ಣತೆ ಸ್ವಲ್ಪವೂ ಏರದಿದ್ದರೆ ಅದನ್ನು ಒಳ್ಳೆಯ ಸೂಚನೆ ಅಂದುಕೊಳ್ಳಬೇಡಿ. ಸೇರಿಸುವುದನ್ನು ನಿಲ್ಲಿಸಿ. ಸ್ಯಾಂಪಲ್ ತೆಗೆದು ಮೂಲವಸ್ತು ಖರ್ಚಾಗುತ್ತಿದೆಯಾ ಅಂತ ನೋಡಿ. ರಿಯಾಕ್ಷನ್ ಶುರುವಾಗಿದೆ ಅಂತ ಖಚಿತವಾದ ಮೇಲೆ ಮಾತ್ರ ಮುಂದುವರಿಸಿ.

ಲಕ್ಷಣ: ಮೆತ್ತಗಿನ ರಿಯೇಜೆಂಟ್ ಹಾಕಿದೆ, ನಿಧಾನವಾಯಿತು, ಅನುಪಾತ ಹಾಗೇ ಇದೆ

ಇಲ್ಲಿ ನಿಯಮ ಕೈಕೊಟ್ಟಿದೆ, ನಿಮ್ಮ ಕೈಚಳಕದಲ್ಲಿ ತಪ್ಪಿಲ್ಲ. ಮ್ಯೂನಿಕ್‌ನ ಹರ್ಬರ್ಟ್ ಮಾಯರ್ ಮತ್ತು ಜೊತೆಗಾರರು ಕಾರ್ಬೋಕ್ಯಾಟಯಾನ್‌ಗಳು (ಧನ ಆವೇಶದ ಕಾರ್ಬನ್ ಇರುವವು) ಮತ್ತು ಅವುಗಳಿಗೆ ಎಲೆಕ್ಟ್ರಾನ್ ಕೊಟ್ಟು ಸೇರುವ ನ್ಯೂಕ್ಲಿಯೋಫೈಲ್‌ಗಳ ವೇಗವನ್ನು ಬಹಳ ದೊಡ್ಡ ವ್ಯಾಪ್ತಿಯಲ್ಲಿ ಅಳೆದರು. ಕ್ಯಾಟಯಾನ್ ಎಷ್ಟೋ ಸಾವಿರ ಪಟ್ಟು ಚುರುಕಾದರೂ ಎರಡು ನ್ಯೂಕ್ಲಿಯೋಫೈಲ್‌ಗಳ ನಡುವಿನ ಆಯ್ಕೆ ಹೆಚ್ಚುಕಡಿಮೆ ಅಷ್ಟೇ ಉಳಿಯುವುದನ್ನು ತೋರಿಸಿದರು. ಆಯ್ಕೆ ಕುಸಿಯುವುದು ವೇಗ ತನ್ನ ಮೇಲ್ಮಿತಿಯನ್ನು ಸಮೀಪಿಸಿದಾಗ. ಭೇಟಿಯಾದ ಪ್ರತಿ ಜೋಡಿಯೂ ರಿಯಾಕ್ಟ್ ಆಗುವ ಆ ಮಿತಿ ದ್ರವದಲ್ಲಿ ಮೋಲಾರ್ ಲೆಕ್ಕದಲ್ಲಿ ಸೆಕೆಂಡಿಗೆ ನೂರು ಕೋಟಿಯಿಂದ ಸಾವಿರ ಕೋಟಿಯಷ್ಟು. ಅದಕ್ಕಿಂತ ಬೇಗ ಯಾರೂ ಓಡಲಾರರು, ಹಾಗಾಗಿ ಎಲ್ಲರೂ ಸಮ. ಆ ಮಿತಿಯಿಂದ ಕೆಳಗೆ ಇರುವಾಗ ಚುರುಕು ತಗ್ಗಿಸಿ ಆಯ್ಕೆ ಗಳಿಸುವ ಖಾತರಿ ಇಲ್ಲ.

ಹಾಗಾದರೆ ಏನು ಮಾಡುವುದು? ದಿಬ್ಬಗಳನ್ನು ಒಟ್ಟಿಗೆ ಏರಿಸುವ ಬದಲು ಒಂದನ್ನು ಮಾತ್ರ ತಗ್ಗಿಸಿ. ಅಂದರೆ ಕ್ಯಾಟಲಿಸ್ಟ್. ಶಾರ್ಪ್‌ಲೆಸ್ ಅವರ ಅಸಿಮೆಟ್ರಿಕ್ ಡೈಹೈಡ್ರಾಕ್ಸಿಲೇಷನ್‌ನಲ್ಲಿ (ಡಬಲ್ ಬಾಂಡ್‌ಗೆ ಎರಡು ಆಲ್ಕೋಹಾಲ್ ಗುಂಪು ಸೇರಿಸಿ, ಎಡ-ಬಲ ರೂಪಗಳಲ್ಲಿ ಒಂದನ್ನೇ ಹೆಚ್ಚಾಗಿ ಕೊಡುವ ರಿಯಾಕ್ಷನ್) ಲೋಹಕ್ಕೆ ಅಂಟುವ ಲಿಗ್ಯಾಂಡ್ ಸೇರಿಸಿದರೆ ಆಯ್ಕೆಯ ಜೊತೆ ವೇಗವೂ ಹೆಚ್ಚುತ್ತದೆ. ಚುರುಕು ಮತ್ತು ಆಯ್ಕೆ ಎರಡೂ ಒಟ್ಟಿಗೆ! ಅವರಿಗೆ 2001ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಇಂಥ ಆಕ್ಸಿಡೇಷನ್‌ಗಳಿಗೆ. ನಮ್ಮ ಮೈಯೊಳಗಿನ ಎನ್‌ಜೈಮ್‌ಗಳು ಪ್ರತಿ ಕ್ಷಣ ಮಾಡುತ್ತಿರುವುದೂ ಅದನ್ನೇ. ಇದಕ್ಕೆ ತಿರುಗಿದ ದಾರಿಯೂ ಇದೆ. ಲಿಂಡ್ಲರ್ ಕ್ಯಾಟಲಿಸ್ಟ್‌ನಲ್ಲಿ ಪಲ್ಲಾಡಿಯಂಗೆ ಸೀಸ ಮತ್ತು ಕ್ವಿನೋಲೀನ್ ಸೇರಿಸಿ ಬೇಕೆಂದೇ ಮಂದ ಮಾಡುತ್ತಾರೆ, ಆಲ್ಕೈನ್ (ಟ್ರಿಪಲ್ ಬಾಂಡ್ ಇರುವುದು) ಹೈಡ್ರೋಜನ್ ಹೀರಿ ಸಿಸ್-ಆಲ್ಕೀನ್‌ನಲ್ಲಿ (ಡಬಲ್ ಬಾಂಡ್ ಇರುವುದು) ನಿಲ್ಲುತ್ತದೆ. ಅಲ್ಲೂ ಹೈಡ್ರೋಜನ್ ಎಷ್ಟು ಹೀರಿದೆ ಅಂತ ನೋಡುತ್ತಾ ಸರಿಯಾದ ಹೊತ್ತಿಗೆ ನಿಲ್ಲಿಸಬೇಕು.

ಲಕ್ಷಣ: ಬೇಕಾದ ಗುಂಪನ್ನು ಬಿಟ್ಟು ಪಕ್ಕದ ಗುಂಪನ್ನು ಹಿಡಿದಿದೆ

ಇದು ಹೆಚ್ಚಾಗಿ ರಿಯೇಜೆಂಟ್ ಆರಿಸುವ ಹಂತದ ತಪ್ಪು, ಬೇಗ ಸರಿಯಾಗುತ್ತದೆ. ಕೀಟೋನ್ ಮಾತ್ರ ರೆಡ್ಯೂಸ್ ಆಗಿ (ಹೈಡ್ರೋಜನ್ ಪಡೆದು) ಎಸ್ಟರ್ ಉಳಿಯಬೇಕಿದ್ದರೆ ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ಬೇಡ, ಅದು ಎರಡನ್ನೂ ತಿನ್ನುತ್ತದೆ. ಸೋಡಿಯಂ ಬೋರೋಹೈಡ್ರೈಡ್ ಸಾಮಾನ್ಯವಾಗಿ ಎಸ್ಟರನ್ನು ಮುಟ್ಟುವುದಿಲ್ಲ. ಡಬಲ್ ಬಾಂಡ್ ಜೋಡಿಕೊಂಡ ಕೀಟೋನ್‌ನಲ್ಲಿ ಕಾರ್ಬೊನಿಲ್ (ಕಾರ್ಬನ್-ಆಕ್ಸಿಜನ್ ಡಬಲ್ ಬಾಂಡ್) ಮಾತ್ರ ರೆಡ್ಯೂಸ್ ಆಗಬೇಕಿದ್ದರೆ ಬೋರೋಹೈಡ್ರೈಡ್ ಜೊತೆ ಸೀರಿಯಂ ಕ್ಲೋರೈಡ್ ಸೇರಿಸಿ. ಅಂಥದ್ದೇ ಕೀಟೋನ್‌ಗೆ ಆಲ್ಕೈಲ್ ಲಿಥಿಯಂ ಹಾಕಿದರೆ ಕಾರ್ಬೊನಿಲ್‌ಗೇ ಹೋಗುತ್ತದೆ, ತಾಮ್ರ ಇರುವ ಕ್ಯುಪ್ರೇಟ್ ಹಾಕಿದರೆ ಡಬಲ್ ಬಾಂಡ್‌ನ ತುದಿಗೆ ಹೋಗುತ್ತದೆ. ಇಲ್ಲಿ ಚುರುಕಿಗಿಂತ ಯಾರಿಗೆ ಯಾರು ಹೊಂದುತ್ತಾರೆ ಅನ್ನುವುದು ಮುಖ್ಯ. ಎರಡು ಗುಂಪುಗಳೂ ಒಂದೇ ಥರದವಾಗಿದ್ದರೆ ಮಾತ್ರ ಒಂದಕ್ಕೆ ರಕ್ಷಣೆಯ ಗುಂಪು ಕಟ್ಟಿ. ಎರಡು ಹೆಜ್ಜೆ ಹೆಚ್ಚುತ್ತದೆ, ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಯಾವಾಗ ಕೈ ನಿಲ್ಲಿಸಬೇಕು

ಬಿಸಿ ತೆಗೆದ ಮೇಲೂ ಒಳಗಿನ ಉಷ್ಣತೆ ಏರುತ್ತಲೇ ಇದ್ದರೆ, ನಿರೀಕ್ಷಿಸದ ಗ್ಯಾಸ್ ಬಂದರೆ, ಬಣ್ಣ ಒಮ್ಮೆಲೇ ಕಪ್ಪಾದರೆ ಸೇರಿಸುವುದನ್ನು ನಿಲ್ಲಿಸಿ. ತಣ್ಣಗಿನ ಬಾತ್ ಸಿದ್ಧ ಇದ್ದರೆ ಇಡಿ, ಹುಡ್‌ನ ಬಾಗಿಲು ಇಳಿಸಿ, ದೂರ ಸರಿಯಿರಿ, ಸುತ್ತ ಇರುವವರಿಗೆ ಹೇಳಿ. ಆ ಹೊತ್ತಿನಲ್ಲಿ ಪ್ರಾಡಕ್ಟ್ ಉಳಿಸಿಕೊಳ್ಳುವ ಯೋಚನೆ ಬೇಡ.

ಸಣ್ಣ ಫ್ಲಾಸ್ಕ್‌ನಲ್ಲಿ ಸರಿಯಾದದ್ದನ್ನು ದೊಡ್ಡ ಪ್ರಮಾಣಕ್ಕೆ ಒಯ್ಯುವ ಮೊದಲು ಅನುಭವಿಗಳನ್ನು ಕೇಳಲೇಬೇಕು. ಪಾತ್ರೆಯ ಅಳತೆ ಎಲ್ಲ ದಿಕ್ಕಿನಲ್ಲೂ 10 ಪಟ್ಟಾದರೆ ಒಳಗಿನ ದ್ರವ 1000 ಪಟ್ಟಾಗುತ್ತದೆ, ಬಿಸಿ ಹೊರಹೋಗುವ ಮೈ ಮಾತ್ರ 100 ಪಟ್ಟು. ಕಲಕುವಿಕೆಯೂ ನಿಧಾನವಾಗುತ್ತದೆ. ಅಂದರೆ ಅಪಾಯವೂ ಏರುತ್ತದೆ, ಅನುಪಾತವೂ ಕೆಡುತ್ತದೆ. ರಿಯಾಕ್ಷನ್ ಎಷ್ಟು ಬಿಸಿ ಬಿಡುತ್ತದೆ ಅನ್ನುವುದನ್ನು ಕ್ಯಾಲೋರಿಮೀಟರ್‌ನಲ್ಲಿ ಅಳೆಯದೆ ಆ ಹೆಜ್ಜೆ ಇಡಬೇಡಿ.

ಅಪಾಯವೇನೂ ಇಲ್ಲ, ಆದರೂ ಮೇಲಿನ ಪರೀಕ್ಷೆಗಳಲ್ಲಿ ಯಾವುದೂ ಉತ್ತರ ಕೊಡಲಿಲ್ಲ ಅಂತಾದರೆ ರಿಯಾಕ್ಷನ್ ನೀವಂದುಕೊಂಡ ದಾರಿಯಲ್ಲಿ ನಡೆಯುತ್ತಲೇ ಇಲ್ಲದಿರಬಹುದು. ಆಗ ಕೈನೆಟಿಕ್ಸ್, ಅಂದರೆ ರಿಯಾಕ್ಷನ್ ವೇಗ, ಅಳೆಯುವವರ ಹತ್ತಿರ ಹೋಗಿ. ಹೋಗುವಾಗ ಇವು ಕೈಯಲ್ಲಿರಲಿ: ಕ್ರೂಡ್‌ನ ಎನ್‌ಎಂಆರ್, ಮೂರು ಬೇರೆ ಸಮಯದ ಸ್ಯಾಂಪಲ್‌ಗಳ ಅನುಪಾತ, ಫ್ಲಾಸ್ಕ್ ಒಳಗಿನ ಉಷ್ಣತೆಯ ದಾಖಲೆ, ಎರಡು ಕಲಕುವ ವೇಗದ ಫಲಿತಾಂಶ, ಶುದ್ಧ ಪ್ರಾಡಕ್ಟನ್ನು ಅದೇ ಪರಿಸ್ಥಿತಿಯಲ್ಲಿ ಇಟ್ಟಾಗ ಏನಾಯಿತು ಅನ್ನುವುದು. ಇಷ್ಟಿದ್ದರೆ ಅವರು ಮೊದಲ ದಿನವೇ ಕೆಲಸ ಶುರು ಮಾಡಬಹುದು.